ಚೆನ್ನಮ್ಮನ ದಂಡಿಗೆ ಕನ್ನಡದ ಆಜ್ಞೆ!

ಶನಿವಾರ-ಭಾನುವಾರ ಬಣ್ಣದ ಗುಂಡು ಹಾರಿಸಿ 'ಅಟ್ಯಾಕ್' ಎಂದು ಕಿರುಚುವ ಶಿವಮೊಗ್ಗ-ಭದ್ರಾವತಿಯ ಗೆಳೆಯರೇ, ನೀವು ಆಡುತ್ತಿರುವುದು ಯಾರ ಯುದ್ಧ?

ಅಮೆರಿಕದವರು 1863ರ ಗೆಟಿಸ್‌ಬರ್ಗ್ ಕದನವನ್ನು ಇಂದಿಗೂ ಬಯಲಲ್ಲಿ ಆಡಿ ತೋರಿಸುತ್ತಾರೆ. ನಮ್ಮಲ್ಲಿ ಕದನಗಳಿರಲಿಲ್ಲವೇ? ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ದಂಡನ್ನೇ ಎದುರಿಸಿದವಳು ನಮ್ಮ ಕೆಳದಿ ಚೆನ್ನಮ್ಮ! 2025ರಲ್ಲಿ ಮಹಾರಾಷ್ಟ್ರದಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದವರು ಆ ಋಣ ಮರೆತರು. ನಾವೂ ಮರೆಯಬೇಕೆ?

ಶಿವಪ್ಪನಾಯಕನ ಅರಮನೆ ಶಿವಮೊಗ್ಗದಲ್ಲೇ ಇದೆ. ಕಬ್ಬಿಣ ಕರಗಿಸಿ ಹೆಸರಾದ ಭದ್ರಾವತಿಯಲ್ಲಿ ಕತ್ತಿ-ಗುರಾಣಿ ಬಡಿಯುವ ಕೈಗಳಿಗೆ ಬರವಿಲ್ಲ. ಬೇಕಾದದ್ದು ನಿಮ್ಮ ಭಾನುವಾರ!

ಬನ್ನಿ, ಆ ಕದನವನ್ನು ತುಂಗೆಯ ದಡದಲ್ಲಿ ಆಡೋಣ. ಷರತ್ತು ಒಂದೇ: ಆಜ್ಞೆ ಕನ್ನಡದಲ್ಲೇ ಮೊಳಗಬೇಕು. 'ಅಟ್ಯಾಕ್' ಅಲ್ಲ, 'ನುಗ್ಗಿ!' ಚೆನ್ನಮ್ಮ ಇಂಗ್ಲಿಷಿನಲ್ಲಿ ಅಬ್ಬರಿಸಿದರೆ ಅದು ಕದನವಲ್ಲ, ಬರೀ ವೇಷ.

ಸಿರಿಗನ್ನಡಂ ಗೆಲ್ಗೆ!