ಕನ್ನಡಿ ಬೇಡ, ತಕ್ಕಡಿ ತನ್ನಿ

ಕ್ಯಾಮೆರಾ ಸೆನ್ಸರ್ ಮೇಲೆ ಧೂಳು ಕೂತಿತ್ತು. ಒರೆಸಿಸಿಕೊಂಡು ಬರೋಣ ಎಂದು ಮೊನ್ನೆ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ನನ್ನ ನಿಕಾನ್ ಡಿ7200 ಅನ್ನು ಕೈಯಲ್ಲಿ ಕೂಡ ಮುಟ್ಟಲಿಲ್ಲ. ಸಾವಿನ ಮನೆಗೆ ಬಂದವನ ದನಿಯಲ್ಲಿ, “ಸರ್, ಡಿಎಸ್‌ಎಲ್‌ಆರ್ ಸತ್ತೋಗಿದೆ. ಎಕ್ಸ್‌ಚೇಂಜ್‌ಗೆ ಕೊಟ್ಬಿಡಿ, 11 ಸಾವಿರ ಹಾಕ್ಕೊಡ್ತೀನಿ. ಮಿರರ್‌ಲೆಸ್ ತಗೊಳ್ಳಿ” ಎಂದ. ಕ್ಲೀನ್ ಮಾಡೋಕೆ ಎಷ್ಟಾಗತ್ತೆ ಎಂದು ಕೇಳಿದೆ. “ಅದೆಲ್ಲ ಈಗ ನಾವು ಮಾಡಲ್ಲ ಸರ್.”

ಆ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಈ ವಾರ ರಾಜಕೀಯಕ್ಕೆ ರಜೆ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. 2008ರಲ್ಲಿ ಪ್ಯಾನಾಸೋನಿಕ್ ಕ್ಯಾಮೆರಾದೊಳಗಿನ ಕನ್ನಡಿ ಕಿತ್ತು ಹಾಕಿತು, 2013ರಲ್ಲಿ ಸೋನಿ ಅದನ್ನೇ ಫುಲ್ ಫ್ರೇಮಿಗೆ ತಂದಿತು, 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಅದೇ ದಾರಿ ಹಿಡಿದವು. 2020ರ ನಂತರ ಇವೆರಡರಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಹಠ ಹಿಡಿದು ಕೂತಿರುವುದು ಪೆಂಟಾಕ್ಸ್ ಒಂದೇ. ಒಪ್ಪಿದೆ. ಆದರೆ ಹೊಸದು ಹುಟ್ಟಲಿಲ್ಲ ಎಂದರೆ ಇದ್ದದ್ದು ಸತ್ತಿತು ಎಂದೇ? ನಮ್ಮೂರಲ್ಲಿ ಅಂಬಾಸಿಡರ್ ಕಾರು ಇನ್ನೂ ಓಡುತ್ತಿದೆ.

ಮಿರರ್‌ಲೆಸ್ ಮಾರುವವರ ಮೊದಲ ಮಂತ್ರ ತೂಕ. “ಹೂವಿನ ಹಾಗೆ ಸರ್!” ಅಂಗೈ ಹುಣ್ಣಿಗೆ ಕನ್ನಡಿ ಬೇಡ, ತಕ್ಕಡಿ ತನ್ನಿ, ಸಾಕು. ನಿಕಾನ್ ಡಿ850 ಬ್ಯಾಟರಿ ಸಮೇತ ಒಂದು ಕಿಲೋ, ಮಿರರ್‌ಲೆಸ್ ಝಡ್7 ಸುಮಾರು 675 ಗ್ರಾಂ. ಭಲೇ! ಆದರೆ ಬರೀ ಬಾಡಿ ಹಿಡಿದುಕೊಂಡು ರಂಗನತಿಟ್ಟಿಗೆ ಯಾರೂ ಹೋಗುವುದಿಲ್ಲವಲ್ಲ. ಹಕ್ಕಿ ತೆಗೆಯುವವರ ಹಳೆಯ 200-500 ಲೆನ್ಸ್ ಕಾಲರ್ ಸಮೇತ ಸುಮಾರು 2,300 ಗ್ರಾಂ ತೂಗುತ್ತದೆ. ಮಿರರ್‌ಲೆಸ್‌ನ 180-600 ತೂಗುವುದು 2,140. ನೂರು ಮಿಲಿಮೀಟರ್ ಹೆಚ್ಚಿಗೆ ಸಿಕ್ಕಿತು, ಸರಿ. ಹೂವು ಎಲ್ಲಿ? ಕನ್ನಡಿ ತೆಗೆದರೆ ಡಬ್ಬಿ ತೆಳ್ಳಗಾಗುತ್ತದೆ. ದೂರದ ಹಕ್ಕಿಗೆ ಬೇಕಾದ ಗಾಜು ಕರಗುವುದಿಲ್ಲ.

ಹೊಸದರ ಗುಣವನ್ನು ಮುಚ್ಚಿಡುವಷ್ಟು ಹೊಟ್ಟೆಕಿಚ್ಚು ನನಗಿಲ್ಲ. ಹಾರುವ ಮಿಂಚುಳ್ಳಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುತ್ತದೆ. ಬಟನ್ ಒತ್ತುವ ಮೊದಲೇ ಚಿತ್ರ ಕಪ್ಪೋ ಬಿಳುಪೋ ತೋರಿಸುತ್ತದೆ. ಚಾಳೀಸಿನ ಕಣ್ಣಿಗೆ ಇದು ವರವೇ. ಆದರೆ ಒಂದು ಮಾತು: ಡಿಎಸ್‌ಎಲ್‌ಆರ್‌ನಲ್ಲಿ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿ ಎದುರಿನ ಬೆಳಕನ್ನೇ ಮೇಲೆತ್ತಿ ನಮ್ಮ ಕಣ್ಣಿಗೆ ಕೊಡುತ್ತದೆ. ಮಿರರ್‌ಲೆಸ್‌ನಲ್ಲಿ ನಾವು ನೋಡುವುದು ಪುಟ್ಟದೊಂದು ಟೀವಿ. ಟೀವಿ ಎಂದ ಮೇಲೆ ಕರೆಂಟು ಕುಡಿಯದೇ ಇರುತ್ತದೆಯೇ? ಕಂಪನಿಯೇ ಕೊಟ್ಟ ಲೆಕ್ಕದಲ್ಲಿ, ಒಂದು ಚಾರ್ಜಿಗೆ ಡಿ850 ತೆಗೆಯುವ ಚಿತ್ರ 1,840, ಝಡ್7 ತೆಗೆಯುವುದು 330.

ಕಳೆದ ತಿಂಗಳು ನೆಂಟರ ಮದುವೆ. ಫೋಟೋಗ್ರಾಫರ್ ಹುಡುಗ ಹೊಸ ಮಿರರ್‌ಲೆಸ್ ತಂದಿದ್ದ. “ಸೈಲೆಂಟ್ ಶಟರ್ ಅಂಕಲ್, ಪಿಟಕ್ ಅನ್ನಲ್ಲ” ಎಂದು ಬೀಗಿದ. ಗಟ್ಟಿಮೇಳದ ನಡುವೆ ಕಿವಿಯಲ್ಲಿ ಕೂಗಿದರೂ ಕೇಳದ ಛತ್ರದಲ್ಲಿ ಶಟರ್ ಸದ್ದಿನ ಚಿಂತೆ ಯಾರಿಗಪ್ಪಾ! ಸದ್ದಿಲ್ಲದ ಈ ಎಲೆಕ್ಟ್ರಾನಿಕ್ ಶಟರ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಛತ್ರದ ಎಲ್‌ಇಡಿ ದೀಪಗಳೋ ನಮ್ಮ ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುತ್ತಿರುತ್ತವೆ. ಆಲ್ಬಂ ಬಂದಾಗ ನೋಡಿದರೆ ಧಾರೆ ಸೀರೆಯ ತುಂಬ ಅಡ್ಡಡ್ಡ ಪಟ್ಟಿ, ಯಾವ ನೇಕಾರನೂ ನೇಯದ್ದು. ಮದುಮಗಳ ಅಮ್ಮ ಸೀರೆ ಅಂಗಡಿಯವನನ್ನು ಬೈಯುತ್ತಿದ್ದರು. ಅದೇ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಕೂಡ ಇತ್ತು. ಅದಕ್ಕೆ ಬದಲಾಯಿಸಿಕೊಂಡಿದ್ದರೆ ಪಟ್ಟಿಗಳ ಕಾಟ ಬಹುಪಾಲು ತಪ್ಪುತ್ತಿತ್ತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಹಳೆಯದನ್ನು ಕಲಿಯುವ ಮೊದಲೇ ಮಾರಿದವನು ಹೊಸದನ್ನು ಕಲಿಯಲು ಬಿಡುವು ಎಲ್ಲಿಂದ ತಂದಾನು?

ನನ್ನ ಹಳೇ ರಗಳೆಯೇ ಇದು, ಓದುಗರು ಕ್ಷಮಿಸಬೇಕು. ಮಿಕ್ಸಿಯ ಜಾರ್ ಸೋರಿದರೆ ಎಕ್ಸ್‌ಚೇಂಜ್, ಕುಕ್ಕರಿನ ಹಿಡಿ ಸಡಿಲವಾದರೆ ಎಕ್ಸ್‌ಚೇಂಜ್. ಕೊಡೆ ರಿಪೇರಿಯವನು ಬೀದಿಗೆ ಬಂದು ಎಷ್ಟು ವರ್ಷವಾಯಿತು? ರಿಪೇರಿ ಮಾಡುವವನನ್ನು ಓಡಿಸಿ, ಆಮೇಲೆ “ರಿಪೇರಿ ಆಗಲ್ಲ ಸರ್” ಎನ್ನುವುದು ಈ ಕಾಲದ ವ್ಯಾಪಾರ. ಹಳೇ ಕ್ಯಾಮೆರಾ ಸಾಲದು ಎನ್ನುವವರು ನೆನಪಿಸಿಕೊಳ್ಳಲಿ: ಸಾಹಿತಿ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನು ಹತ್ತಿದ್ದು ಫಿಲ್ಮ್ ಕಾಲದಲ್ಲಿ. ರೋಲಿಗೆ 36 ಚಿತ್ರ, ಕೆಟ್ಟರೆ ಅಳಿಸುವ ಬಟನ್ ಇಲ್ಲ. ಕಾದು ಕೂರುವುದನ್ನು ಅವರಿಗೆ ಕ್ಯಾಮೆರಾ ಕಲಿಸಿರಲಿಕ್ಕಿಲ್ಲ.

ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ನನ್ನ ತೀರ್ಪು ಇಷ್ಟೇ. ಮೊದಲ ಸಲ ಕೊಳ್ಳುತ್ತಿದ್ದೀರಿ, ಕೈಯಲ್ಲಿ ಕಾಸಿದೆ, ವಿಡಿಯೋ ಕೂಡ ಬೇಕು ಎಂದರೆ ಮಿರರ್‌ಲೆಸ್ ಕೊಳ್ಳಿ, ಯೋಚನೆಯೇ ಬೇಡ. ಮುಂದಿನ ಲೆನ್ಸುಗಳೆಲ್ಲ ಅದಕ್ಕೇ ಬರುತ್ತವೆ. ಕಾಸು ಕಮ್ಮಿ ಎಂದರೆ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡು, ಉಳಿದದ್ದನ್ನು ಒಳ್ಳೆಯ ಲೆನ್ಸಿಗೆ ಹಾಕಿ. ಮನೆಯಲ್ಲಿ ಡಿಎಸ್‌ಎಲ್‌ಆರ್, ಜೊತೆಗೆ ಎರಡು ಲೆನ್ಸ್ ಆಗಲೇ ಇವೆ ಎಂದರೆ ಮನೆಯಲ್ಲೇ ಇರಿ, ಅಂಗಡಿಯ ಕಡೆ ತಲೆ ಹಾಕಬೇಡಿ.

ನಾನು ಹಾಕಿದೆನಲ್ಲ, ಅದರ ಕೊನೆಯ ಭಾಗ ಹೇಳಿಬಿಡುತ್ತೇನೆ. ಹೊರಗೆ ಬರುವಾಗ ಬಾಗಿಲ ಪಕ್ಕದ ಗಾಜಿನ ಬೀರುವಿನಲ್ಲಿ ಇನ್ನೊಂದು ಡಿ7200 ಕೂತಿತ್ತು. ಕೊರಳಿಗೆ ಚೀಟಿ: ಉತ್ತಮ ಸ್ಥಿತಿ, 28 ಸಾವಿರ ರೂಪಾಯಿ. “ಇದು ಸತ್ತಿಲ್ವೇನಪ್ಪಾ?” ಎಂದೆ. “ಅದು ಕಲಿಯೋರಿಗೆ ಸರ್” ಎಂದ. 11 ಸಾವಿರಕ್ಕೆ ಸಾಯಿಸಿ 28 ಸಾವಿರಕ್ಕೆ ಬದುಕಿಸುವ ವಿದ್ಯೆ ಈ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಸೆನ್ಸರ್ ಒರೆಸುವುದು ಮಾತ್ರ ಗೊತ್ತಿಲ್ಲ.