ಸೇತುವೆ ಬರುವ ತನಕ ದೋಣಿಯ ಗತಿಯೇನು?

ಆಟಿ ತಿಂಗಳ ಮಳೆ ಒಂದೆರಡು ದಿನ ಬಿಡುವು ಕೊಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಮದ್ದಿನದೇ ಚಿಂತೆ. ಮೊದಲ ಸಿಂಪಡಣೆಯಾಗಿ 40-45 ದಿನಗಳಲ್ಲಿ ಎರಡನೆಯದು ಆಗಲೇಬೇಕು. ತೋಟ ಒಂದು ದಡದಲ್ಲಿ, ಮದ್ದು ಬಿಡುವವರ ಮನೆ ಇನ್ನೊಂದು ದಡದಲ್ಲಿ ಇರುವ ಕಡೆ ಮೈಲುತುತ್ತು, ಸುಣ್ಣ, ಪಂಪು, ಪೈಪುಗಳೆಲ್ಲ ದೋಣಿ ಏರುತ್ತವೆ. ಹಾಲಿನ ಕ್ಯಾನು, ಶಾಲೆಗೆ ಹೊರಟ ಮಕ್ಕಳು, ಪೇಟೆಗೆ ಹೊರಟ ಅಜ್ಜಿ, ಎಲ್ಲರಿಗೂ ಅದೇ ದೋಣಿ. ನದಿ ಅತ್ಯಂತ ಅಪಾಯಕಾರಿಯಾಗಿರುವ ಕಾಲವೂ ದೋಣಿಗೆ ಹೆಚ್ಚು ಕೆಲಸ ಬೀಳುವ ಕಾಲವೂ ಒಂದೇ ಆಗಿರುವುದು ಪಶ್ಚಿಮಘಟ್ಟದ ನದಿಗಳ ವೈಶಿಷ್ಟ್ಯ. ಹೀಗಿದ್ದರೂ ನದಿಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅಣೆಕಟ್ಟು, ತಿರುವು ಯೋಜನೆ, ಮರಳು ಇವು ಬರುತ್ತವೆಯೇ ಹೊರತು ದೋಣಿ ಬರುವುದಿಲ್ಲ.

ಬಂಟ್ವಾಳ ಪೇಟೆ ಬೆಳೆದದ್ದೇ ದೋಣಿಯಿಂದ ಎಂಬುದು ಅಲ್ಲಿನ ಇಂದಿನ ಮಕ್ಕಳಿಗೆ ಅಷ್ಟಾಗಿ ತಿಳಿದಿರಲಾರದು. ಮಂಗಳೂರಿನಿಂದ ನೇತ್ರಾವತಿಯಲ್ಲಿ ಮೇಲಕ್ಕೆ ಬಂದ ಸರಕು ಇಲ್ಲಿ ಇಳಿದು ಎತ್ತಿನ ಗಾಡಿಗಳಲ್ಲಿ ಘಟ್ಟ ಏರುತ್ತಿತ್ತು. ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಇಲ್ಲಿಯೇ ದೋಣಿ ಸೇರುತ್ತಿತ್ತು. ಮಳೆಗಾಲದಲ್ಲಿ ಸಣ್ಣ ದೋಣಿಗಳು ಉಪ್ಪಿನಂಗಡಿಯವರೆಗೂ ಹೋಗುತ್ತಿದ್ದವು. ಪಾಣೆಮಂಗಳೂರಿನ ಹಳೆಯ ಸೇತುವೆ, ಅನಂತರ ಲಾರಿ, ಇವೆರಡು ಬಂದ ಮೇಲೆ ಉದ್ದಕ್ಕೆ ಸಾಗುವ ದೋಣಿ ಹೋಯಿತು. ಅಡ್ಡಕ್ಕೆ ದಾಟುವ ದೋಣಿ ಮಾತ್ರ ಉಳಿಯಿತು. ಆ ಜಾಗಗಳಿಗೆ ಕಡವು ಎಂದು ಹೆಸರು. ನದಿ ದಡದ ಹಲವು ಮನೆ, ಮಜಲುಗಳಿಗೆ ‘ಕಡವಿನ ಬಾಗಿಲು’ ಎಂಬ ಗುರುತು ಇಂದಿಗೂ ಅಂಟಿಕೊಂಡಿದೆ.

ಕಡವಿನ ದೋಣಿಗೆ ಇಂದು ಬಂದಿರುವ ದೊಡ್ಡ ಕಷ್ಟ ನೆರೆಯಲ್ಲ, ಸೇತುವೆಯ ಆಶ್ವಾಸನೆ. ಈ ಮಾತು ವಿಚಿತ್ರವಾಗಿ ಕೇಳಬಹುದು. ಸೇತುವೆ ಬೇಡವೆಂದು ಹೇಳಲು ಆಚೆ ದಡದಲ್ಲಿ ಮನೆಯಿಲ್ಲದವರಿಗೆ ಮಾತ್ರ ಸಾಧ್ಯ. ಆದರೆ ಸೇತುವೆ ಮಂಜೂರಾಯಿತೆಂಬ ಸುದ್ದಿ ಬಂದ ದಿನದಿಂದ ದೋಣಿಗೆ ಎಣ್ಣೆ ಹಚ್ಚಲು ಯಾರಿಗೂ ಮನಸ್ಸು ಬಾರದು. ಇನ್ನೆರಡು ವರ್ಷಕ್ಕೆ ಯಾಕೆ ಹೊಸ ಹಲಗೆ ಎನ್ನುತ್ತಾರೆ. ಎರಡು ವರ್ಷ ಆರಾಗುತ್ತದೆ, ಹತ್ತಾಗುತ್ತದೆ. ಹಳೆಯ ದೋಣಿಯೇ ಅಷ್ಟೂ ವರ್ಷ ಮಕ್ಕಳನ್ನು ಹೊರುತ್ತದೆ. ಅಜಿಲಮೊಗರು ಮತ್ತು ಕಡೇಶಿವಾಲಯ ನೇತ್ರಾವತಿಯ ಎದುರುಬದುರು ದಡಗಳು. ಒಂದೆಡೆ ಮಸೀದಿ, ಇನ್ನೊಂದೆಡೆ ದೇವಸ್ಥಾನ. ಅಲ್ಲಿಗೆ ಸೇತುವೆಯ ಯೋಜನೆ ರೂಪುಗೊಳ್ಳುವ ಮೊದಲು ತಲೆಮಾರುಗಳ ಕಾಲ ಎರಡೂ ಕಡೆಯ ಜನ ಒಂದೇ ದೋಣಿಯಲ್ಲಿ ಕುಳಿತು ದಾಟಿದ್ದಾರೆ. ಇನ್ನು ಸೇತುವೆ ಬಂದರೂ ಅದು ಶಾಶ್ವತವೆಂದು ತಿಳಿಯಬೇಕಾಗಿಲ್ಲ. ಫಲ್ಗುಣಿಗೆ ಅಡ್ಡಲಾಗಿದ್ದ ಮೂಲರಪಟ್ಣದ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಎರಡು ದಡಗಳ ನಡುವಿನ ವಾಹನ ಸಂಚಾರ ಒಂದೇ ಸಂಜೆಗೆ ಕಡಿದುಹೋಯಿತು.

ಮರದ ದೋಣಿಯ ಆರೈಕೆ ಕೃಷಿಯಷ್ಟೇ ಶಿಸ್ತಿನ ಕೆಲಸ. ಹೆಬ್ಬಲಸು ಈ ಕೆಲಸಕ್ಕೆ ಪ್ರಸಿದ್ಧವಾದ ಮರ. ನೀರಿನಲ್ಲಿ ಬಾಳುತ್ತದೆ, ಹಲಗೆ ಬಾಗುತ್ತದೆ. ಒಂದೇ ಮರ ಕೊರೆದು ಮಾಡುವ ಸಣ್ಣ ದೋಣಿಗೆ ಮಾವು ಸಾಕಾಗುತ್ತಿತ್ತು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ನಾರು ತುಂಬಿ, ಧೂಪದ ಮರದ ಅಂಟನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತುವುದು, ಒಳಗೆ ಮೀನೆಣ್ಣೆ, ಹೊರಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಪಶ್ಚಿಮ ಕರಾವಳಿಯ ಹಳೆಯ ಕ್ರಮ. ಉಪ್ಪುನೀರಿನಲ್ಲಿ ಮರವನ್ನು ಜಾಲಂಧ್ರ ಮಾಡುವ ಕೊರೆಹುಳು ಸಿಹಿನೀರಿನಲ್ಲಿ ಬದುಕದು. ಆದ್ದರಿಂದ ಬಂಟ್ವಾಳದ ದೋಣಿಗೆ ಅಳಿವೆಬಾಗಿಲಿನ ದೋಣಿಗಿರುವ ಆ ಶತ್ರು ಇಲ್ಲ. ಇಲ್ಲಿನ ಶತ್ರು ಶಿಲೀಂಧ್ರ. ಸದಾ ನೀರೊಳಗಿರುವ ಮರಕ್ಕೆ ಅದು ಹತ್ತುವುದಿಲ್ಲ, ಏಕೆಂದರೆ ಅಲ್ಲಿ ಅದಕ್ಕೆ ಬೇಕಾದಷ್ಟು ಗಾಳಿಯಿಲ್ಲ. ಪೂರ್ತಿ ಒಣಗಿದ ಮರಕ್ಕೂ ಹತ್ತದು. ಒಮ್ಮೆ ನೆನೆದು ಒಮ್ಮೆ ಒಣಗುವ ಭಾಗ, ಎಂದರೆ ನೀರಿನ ಮಟ್ಟದ ಗೆರೆಯ ಆಸುಪಾಸಿನ ಒಂದು ಗೇಣು ಮೊದಲು ಕೊಳೆಯುತ್ತದೆ. ಚಾಕುವಿನ ತುದಿಯಿಂದ ಅಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ: ಒಳ್ಳೆಯ ಮರ ತಡೆಯುತ್ತದೆ, ಕೊಳೆತದ್ದು ಬೆಣ್ಣೆಯಂತೆ ಒಳಗೆ ಬಿಡುತ್ತದೆ. ಬೇಸಗೆಯಲ್ಲಿ ಕೆಲಸವಿಲ್ಲದ ದೋಣಿಯನ್ನು ಬಿಸಿಲಿನಲ್ಲಿ ದಡಕ್ಕೆಳೆದು ಹಾಕಿದರೆ ಹಲಗೆ ಬಿರುಕು ಬಿಡುತ್ತದೆ. ಆದ್ದರಿಂದಲೇ ತಿಳಿದವರು ಅದನ್ನು ನೆರಳಿನಲ್ಲಿಡುತ್ತಾರೆ, ಇಲ್ಲವೇ ನೀರಿನಲ್ಲಿ ಮುಳುಗಿಸಿಯೇ ಬಿಡುತ್ತಾರೆ. ಈಗಿನ ಫೈಬರ್ ದೋಣಿಗೆ ಈ ಉಪದ್ರವಗಳಿಲ್ಲ, ಆದರೆ ಕಲ್ಲಿಗೆ ತಾಗಿ ಒಡೆದರೆ ಊರಿನ ಆಚಾರಿಗೆ ಸರಿಪಡಿಸಲು ಬಾರದು.

ಭಾರದ ಲೆಕ್ಕವನ್ನು ಶಾಲೆಯ ಏಳನೆಯ ತರಗತಿಯಲ್ಲಿಯೇ ಮಾಡಿಸಬಹುದು. ಕಡವಿನ ಸಣ್ಣ ದೋಣಿ ನೀರಿನ ಮೇಲೆ ಸುಮಾರು ಐದು ಚದರ ಮೀಟರ್ ಜಾಗ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಅದು ಒಂದು ಸೆಂಟಿಮೀಟರ್ ಕೆಳಗಿಳಿಯಬೇಕಾದರೆ 50 ಲೀಟರ್ ನೀರನ್ನು ಸರಿಸಬೇಕು. ಎಂದರೆ 50 ಕಿಲೋ ಭಾರ. ಹೀಗೆ ಒಬ್ಬೊಬ್ಬ ವಯಸ್ಕ ಹತ್ತಿದಾಗಲೂ ದೋಣಿಯ ಅಂಚು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ನೀರಿಗೆ ಹತ್ತಿರವಾಗುತ್ತದೆ, ಬೈಕೊಂದು ಹತ್ತಿದರೆ ಎರಡೂವರೆ. ಇದು ಕಡಿಮೆಯೆನಿಸಬಹುದು. ಆದರೆ ದೋಣಿ ಮಗುಚುವುದು ಬರಿಯ ಭಾರದಿಂದಲ್ಲ. ನಡುನೀರಿನಲ್ಲಿ ಎದ್ದು ನಿಲ್ಲುವುದರಿಂದ, ಎಲ್ಲರೂ ಒಂದೇ ಕಡೆಗೆ ವಾಲುವುದರಿಂದ, ತಳದಲ್ಲಿ ನಿಂತ ನೀರು ವಾಲಿದ ಕಡೆಗೇ ಓಡುವುದರಿಂದ. ಗೆರಸೆಯಿಂದಲೋ ಡಬ್ಬಿಯಿಂದಲೋ ಆ ನೀರನ್ನು ಮೊದಲು ಎತ್ತಿ ಚೆಲ್ಲದೆ ಹೊರಡುವ ದೋಣಿಯನ್ನು ಹತ್ತಬಾರದು. ಮಕ್ಕಳು ಚೀಲವನ್ನು ಬೆನ್ನಿನಿಂದ ಇಳಿಸಿ ಕಾಲ ಬಳಿ ಇಡಬೇಕು, ಮದ್ದು ಬಿಡುವವರು ಗಂಬೂಟು ಕಳಚಿ ಕೂರಬೇಕು. ತೇಲುಅಂಗಿ ಸಿಗದ ಕಡೆ ಮುಚ್ಚಳ ಬಿಗಿಯಾದ ಐದು ಲೀಟರಿನ ಖಾಲಿ ಎಣ್ಣೆಕ್ಯಾನು ಹಗ್ಗದಲ್ಲಿ ಕಟ್ಟಿ ಕೈಗೆ ಸಿಗುವಂತೆ ಇಟ್ಟರೆ, ಅದು ಹೆಚ್ಚುಕಡಿಮೆ ಐದು ಕಿಲೋ ಭಾರವನ್ನು ತೇಲಿಸಬಲ್ಲದು. ನೀರಿಗೆ ಬಿದ್ದವನ ತಲೆ ಮೇಲಿರಲು ಬೇಕಾದದ್ದು ಸುಮಾರು ಅಷ್ಟೇ. ತೇಲುಅಂಗಿಗೆ ಇದು ಸಮನಲ್ಲ ನಿಜ, ಆದರೆ ಏನೂ ಇಲ್ಲದಿರುವುದಕ್ಕೆ ಸಮನೂ ಅಲ್ಲ.

ನದಿಯ ಮುನ್ಸೂಚನೆ ಬೆಳ್ತಂಗಡಿಯವರ ಕೈಯಲ್ಲಿದೆ. 2019ರ ಆಗಸ್ಟ್ 9ರಂದು ಚಾರ್ಮಾಡಿ, ದಿಡುಪೆ, ಮಲವಂತಿಗೆ ಕಡೆಯ ಗುಡ್ಡಗಳು ಜರಿದು ಮರದ ದಿಮ್ಮಿಗಳು ಹೊಳೆಗಳಲ್ಲಿ ತೇಲಿಬಂದುದನ್ನು ಯಾರೂ ಮರೆತಿಲ್ಲ. ಘಟ್ಟದಲ್ಲಿ ಸುರಿದ ಮಳೆ ಬಂಟ್ವಾಳ ಮುಟ್ಟಲು ಕೆಲವು ತಾಸು ಬೇಕು. ಆ ವೇಳೆಗೆ ಕೆಳಗೆ ಬಿಸಿಲು ಕಾಯುತ್ತಿದ್ದರೂ ಆಶ್ಚರ್ಯವಿಲ್ಲ. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್ ಎಂದು ಸರಕಾರ ಗುರುತಿಸಿದೆ. ಆದರೆ ದೋಣಿ ನಿಲ್ಲಬೇಕಾದದ್ದು ಅದಕ್ಕಿಂತ ಬಹಳ ಮೊದಲು, ನೀರು ಕೆಂಪಾಗಿ ಕಸಕಡ್ಡಿ ತೇಲತೊಡಗಿದಾಗಲೇ. ದಿಡುಪೆಯ ವಿದ್ಯಾರ್ಥಿಯೊಬ್ಬ ಕೆಳಗಿನ ಕಡವಿನ ಅಂಬಿಗನಿಗೆ ಒಂದು ಫೋನು ಮಾಡುವ ಏರ್ಪಾಡಿಗೆ ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.

ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿ ಅಗಲದ, 72 ಅಡಿಯವರೆಗೂ ಉದ್ದದ ಕಿರುದೋಣಿಗಳಲ್ಲಿ ಜನ ಸಂಸಾರ ಹೂಡಿ ವಾಸಿಸುತ್ತಾರೆ. ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ದೋಣಿಗಳ ವಂಶದವು ಅವು. ಎರಡು ಮೂರು ವರ್ಷಕ್ಕೊಮ್ಮೆ ಅವನ್ನು ನೀರಿನಿಂದೆತ್ತಿ ತಳಕ್ಕೆ ಕರಿಲೇಪ ಹಚ್ಚುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ಪರೀಕ್ಷೆಯಲ್ಲಿ ಪಾಸಾಗದೆ ಪರವಾನಿಗೆಯಿಲ್ಲ. ಒಲೆಯ ವಿಷಾನಿಲ ಕೋಣೆಯಲ್ಲಿ ತುಂಬಿದರೆ ಎಚ್ಚರಿಸುವ ಗಂಟೆಯೂ 2019ರಿಂದ ಕಡ್ಡಾಯವಾಗಿದೆ. ಅಷ್ಟು ದೂರ ಹೋಗುವುದೂ ಬೇಡ. ಕೇರಳದ ವೈಕಂ-ತವಣಕಡವು ನಡುವೆ 2017ರಿಂದ 75 ಮಂದಿಯನ್ನು ಹೊರುವ ಸೌರಶಕ್ತಿಯ ದೋಣಿ ಸರಕಾರದಿಂದಲೇ ಓಡುತ್ತಿದೆ. ಅದೇ ಕೇರಳದಲ್ಲಿ 2023ರ ಮೇ 7ರಂದು ತಾನೂರಿನ ವಿಹಾರದೋಣಿ ಮಗುಚಿ 22 ಮಂದಿ ಸತ್ತರು ಎಂಬುದೂ ನಿಜ. ನಿಯಮವಿದ್ದರೆ ಸಾಲದು, ಹತ್ತುವವರನ್ನು ಎಣಿಸಿ ಸಾಕೆನ್ನುವ ಒಬ್ಬ ಮನುಷ್ಯ ದಡದಲ್ಲಿರಬೇಕು.

ನೇತ್ರಾವತಿಯನ್ನು ಧರ್ಮಸ್ಥಳದಿಂದ ಸಮುದ್ರದವರೆಗೆ 78 ಕಿ.ಮೀ. ದೂರ ರಾಷ್ಟ್ರೀಯ ಜಲಮಾರ್ಗವೆಂದು 2016ರ ಕಾನೂನು ಘೋಷಿಸಿದೆ, ಅದರ ಸಂಖ್ಯೆ 74. ಈ ಘೋಷಣೆಯನ್ನು ಓದಿದವರು ಒಮ್ಮೆ ತುಂಬೆ, ಶಂಭೂರುಗಳ ಅಣೆಕಟ್ಟುಗಳ ಮುಂದೆ ನಿಂತು ನೋಡಬೇಕು. ದೋಣಿ ಹಾಯಲು ಅಲ್ಲಿ ದಾರಿಯಿಲ್ಲ. ಮೂಡುಬಿದಿರೆಗೆ ನೀರು ಕೊಡುವ ಫಲ್ಗುಣಿಯ ಪುಚ್ಚೆಮೊಗರಿನ ಕಿಂಡಿ ಅಣೆಕಟ್ಟೂ ದೋಣಿಯನ್ನು ನೆನೆದು ಕಟ್ಟಿದ್ದಲ್ಲ. ಕೇರಳದ ತಣ್ಣೀರ್‌ಮುಕ್ಕಂ ಕಟ್ಟೆಯಲ್ಲಿ ದೋಣಿಗಾಗಿ ಪ್ರತ್ಯೇಕ ಬಾಗಿಲುಗಳನ್ನಿಟ್ಟಿದ್ದಾರೆ. ಕುಡಿಯುವ ನೀರು ಬೇಡವೆಂದು ಯಾರೂ ಹೇಳುವುದಿಲ್ಲ. ಕಾಗದದ ಮೇಲೆ ಜಲಮಾರ್ಗ, ನದಿಯ ಮೇಲೆ ಗೋಡೆ, ಇವೆರಡನ್ನೂ ಒಟ್ಟಿಗೆ ಬರೆದವರು ಮಾತ್ರ ಉತ್ತರ ಹೇಳಬೇಕಾಗಿದೆ.

ಇನ್ನು ಮರಳು. ದೂರದ ರಾಜ್ಯಗಳಿಂದ ಬಂದ ಕಾರ್ಮಿಕರು ಅಂಚು ಮುಳುಗುವಷ್ಟು ಮರಳು ಹೇರಿದ ದೋಣಿಗಳಲ್ಲಿ ದುಡಿಯುತ್ತಾರೆ, ದಡದ ಶೆಡ್ಡುಗಳಲ್ಲಿ ಮಲಗುತ್ತಾರೆ. ಕಡವಿನ ದೋಣಿಗೆ ಹೇಳಿದ ಪ್ರತಿಯೊಂದು ಮಾತೂ ಅವರ ದೋಣಿಗೂ ಅನ್ವಯಿಸಬೇಕು. ಮರಳು ತೆಗೆದ ಹೊಂಡಗಳಿಂದ ನದಿಯ ತಳ ಊಹೆಗೆ ಸಿಗದಂತಾಗಿ ಜಲ್ಲೆ ಊರುವ ಅಂಬಿಗನಿಗೆ ನೆಲವೇ ಸಿಗುವುದಿಲ್ಲ. ಕೆಳಗಿನ ಪಾವೂರು ಉಳಿಯ ದ್ವೀಪದವರು ದಡ ಕೊರೆದುಹೋಗುತ್ತಿದೆಯೆಂದು ವರ್ಷಗಳಿಂದ ದೂರುತ್ತಿದ್ದಾರೆ. ಅವರಿಗೆ ಮಳೆಗಾಲದಲ್ಲಿ ದೋಣಿಯೇ ರಸ್ತೆ.

ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ ಸಂವಿಧಾನದಲ್ಲಿಯೇ ಉತ್ತರವಿದೆ. ಪಂಚಾಯತುಗಳಿಗೆ ವಹಿಸಬಹುದಾದ ವಿಷಯಗಳ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಸೇತುವೆಗಳ ಪಕ್ಕದಲ್ಲಿಯೇ ಕಡವು ಮತ್ತು ಜಲಮಾರ್ಗಗಳೂ ಇವೆ. 2021ರ ಒಳನಾಡು ಹಡಗುಗಳ ಕಾನೂನು ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ದಾಖಲಿಸಿಕೊಳ್ಳಲು ಅವಕಾಶ ಕಲ್ಪಿಸಿದೆ. ಗ್ರಾಮಸಭೆಗಳಲ್ಲಿ ದಾರಿದೀಪದ ಬಗ್ಗೆ ಒಂದು ತಾಸು ಮಾತಾಡುವವರು ತಮ್ಮೂರಿನ ಕಡವಿನ ದೋಣಿಗೆ ವಯಸ್ಸೆಷ್ಟು ಎಂದು ಒಮ್ಮೆ ಕೇಳಬಹುದು. ಪ್ರತಿವರ್ಷ ಪತ್ತನಾಜೆಯ ಮೊದಲು, ಜಾತ್ರೆಗಳು ಮುಗಿದು ಮಳೆ ಹಿಡಿಯುವ ಮುಂಚಿನ ಆ ಒಂದು ವಾರದಲ್ಲಿ, ದೋಣಿಯನ್ನು ಮೇಲೆತ್ತಿ ಚಾಕು ಹಾಕಿ ನೋಡಿ, ಎಣ್ಣೆ ಹಚ್ಚಿ, ಇಷ್ಟಕ್ಕಿಂತ ಮುಳುಗಬಾರದೆಂಬ ಬಿಳಿಗೆರೆಯನ್ನು ಎರಡೂ ಬದಿಗೆ ಎಳೆಯಬೇಕು. ಮೆಟ್ಟಿಲಿನ ಪಾಚಿ ಕೆರೆಯಬೇಕು. ಅಂಬಿಗನಿಗೆ ನೀರು ಏರಿ ದೋಣಿ ನಿಲ್ಲಿಸಿದ ದಿನಗಳ ಸಂಬಳವನ್ನೂ ಪಂಚಾಯತು ಕೊಡಬೇಕು; ದಾಟಿಸಿದರಷ್ಟೇ ಕಾಸು ಎಂಬ ಕ್ರಮ ಇರುವ ತನಕ ಕೆಂಪುನೀರಿನಲ್ಲಿಯೂ ಆತ ಜಲ್ಲೆ ಹಿಡಿದೇ ಹಿಡಿಯುತ್ತಾನೆ.