ಋಣದ ಮಾರಾಟ, ಹೊಣೆಯ ಮಾರಾಟ

“ಸಾಲ ಕೊಟ್ಟವರು ನಿಮ್ಮ ಸಾಲಪತ್ರವನ್ನು ಯಾರಿಗೆ ಮಾರಿಕೊಂಡರೆ ನಿಮಗೇನು ನಷ್ಟ? ಕಟ್ಟುವ ಕಂತು ಅದೇ ತಾನೆ?” ಎಂದು ಮಿತ್ರರೊಬ್ಬರು ಈಚೆಗೆ ನನ್ನ ಆತಂಕವನ್ನು ನಕ್ಕು ತಳ್ಳಿಹಾಕಿದರು.

ಮಾರಾಟವೇ ಪಾಪವೆಂದು ನಾನೂ ಹೇಳಲಾರೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಹನಿಹನಿಯಾಗಿ ಮರಳುವ ಗೃಹಸಾಲಗಳನ್ನು, ನಾಳೆಯೇ ಬಂದು ಕೇಳಬಹುದಾದ ಠೇವಣಿದಾರರ ಹಣದಿಂದ ಕೊಟ್ಟ ಬ್ಯಾಂಕು, ಅವನ್ನೆಲ್ಲ ಒಟ್ಟುಗೂಡಿಸಿ, ಅವುಗಳಿಂದ ಬರುವ ಕಂತುಗಳ ಮೇಲೆ ಹಕ್ಕುಪತ್ರಗಳನ್ನು ರಚಿಸಿ, ದೀರ್ಘಕಾಲ ಕಾಯಬಲ್ಲ ವಿಮಾಸಂಸ್ಥೆಗಳಿಗೂ ಪಿಂಚಣಿ ನಿಧಿಗಳಿಗೂ ಮಾರಿದರೆ, ಬಂದ ಹಣದಿಂದ ಮತ್ತೊಬ್ಬನ ಮನೆಗೆ ತಳಪಾಯ ಬೀಳುವುದೆಂಬ ವಾದ ಗೌರವಾರ್ಹವಾದುದು. ಅಮೆರಿಕದಲ್ಲಿ 1970ರಲ್ಲಿ ಸರ್ಕಾರದ ಜಿನ್ನಿ ಮೇ ಸಂಸ್ಥೆ ಇಂಥ ಪತ್ರಗಳಿಗೆ ಖಾತರಿ ನಿಂತುದೂ ಈ ಸದುದ್ದೇಶದಿಂದಲೇ.

ಡೆನ್ಮಾರ್ಕ್ ದೇಶದ ನಿದರ್ಶನ ಇನ್ನೂ ಹಳೆಯದು, ಇನ್ನೂ ಸೊಗಸಾದುದು. 1795ರ ಅಗ್ನಿಯಲ್ಲಿ ಕೋಪನ್‌ಹೇಗನ್ ನಗರದ ನೂರಾರು ಮನೆಗಳು ಭಸ್ಮವಾಗಲು, ಪುನರ್ನಿರ್ಮಾಣಕ್ಕೆಂದು 1797ರಲ್ಲಿ ಅಲ್ಲಿ ಮೊದಲ ಅಡಮಾನ ಸಂಸ್ಥೆ ಹುಟ್ಟಿತು. ಅಲ್ಲಿ ಇಂದಿಗೂ ಸಾಲದ ಹಣ ಬರುವುದು ಹೂಡಿಕೆದಾರರಿಗೆ ಮಾರಿದ ಬಾಂಡುಗಳಿಂದಲೇ. ಆದರೆ ಸಾಲಗಾರ ತಪ್ಪಿದಾಗ ನಷ್ಟವನ್ನು ಮೊದಲು ಹೊರತಕ್ಕದ್ದು ಸಾಲ ಕೊಟ್ಟ ಸಂಸ್ಥೆ. ಬಾಂಡಿನ ಬೆಲೆ ಪೇಟೆಯಲ್ಲಿ ಇಳಿದರೆ, ಸಾಲಗಾರನೇ ಅದನ್ನು ಅಗ್ಗಕ್ಕೆ ಕೊಂಡು ಋಣಮುಕ್ತನಾಗಲೂಬಹುದು! ಅಲ್ಲಿ ಋಣ ಮಾರಾಟವಾಯಿತು, ಹೊಣೆ ಮಾರಾಟವಾಗಲಿಲ್ಲ.

2008ರ ಆರ್ಥಿಕ ಕುಸಿತಕ್ಕೆ ಮುಂಚಿನ ಅಮೆರಿಕದಲ್ಲಿ ಮಾರಾಟವಾದುದು ಹೊಣೆಯೇ. ಸಾಲ ಬರೆದಕೂಡಲೇ ದಲ್ಲಾಳಿಗೆ ಕಮಿಷನ್ ಸಂದಾಯವಾಗಿ, ಸಾಲ ಬೇರೆಯವರ ಪಾಲಾಗುವುದಾದರೆ, ಸಾಲಗಾರನ ಆದಾಯವನ್ನು ವಿಚಾರಿಸುವ ಶ್ರಮವನ್ನು ಯಾರು ತಾನೆ ವಹಿಸಿಯಾರು? ಸಂಶಯಾಸ್ಪದ ಸಾಲಗಳ ರಾಶಿಯನ್ನು ಪದರಪದರವಾಗಿ ಸೀಳಿ, ಮೇಲಿನ ಪದರಕ್ಕೆ ಅತ್ಯುಚ್ಚ ಶ್ರೇಣಿಯ ಮುದ್ರೆಯೊತ್ತಿಸಿದರು. ಗಣಿತಸೂತ್ರಗಳು ಅಪಾಯವನ್ನು ಅಳೆದಿದ್ದುವೆಂಬ ಸಮರ್ಥನೆಗೆ ಆ 2008ರ ಸೆಪ್ಟೆಂಬರ್ 15ರಂದು ದಿವಾಳಿ ಘೋಷಿಸಿದ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸೇ ಉತ್ತರ.

ನಮ್ಮ ರಿಸರ್ವ್ ಬ್ಯಾಂಕು 2021ರ ನಿಯಮಗಳಲ್ಲಿ, ಇಂತಹ ಪತ್ರಗಳಾಗುವ ಗೃಹಸಾಲಗಳಲ್ಲಿ ನೂರಕ್ಕೆ ಐದು ಪಾಲನ್ನಾದರೂ ಮಾರುವವರೇ ಇಟ್ಟುಕೊಳ್ಳತಕ್ಕದ್ದೆಂದು ವಿಧಿಸಿದೆ. ಒಳ್ಳೆಯದೇ, ಆದರೆ ಐದು ರೂಪಾಯಿಯ ಭಯ ತೊಂಬತ್ತೈದು ರೂಪಾಯಿಯ ಲೋಭವನ್ನು ಕಟ್ಟಿಹಾಕೀತೇ?

ಮಿತ್ರರು ಹೇಳಿದಂತೆ ಕಂತೇನೋ ಅದೇ. ಆದರೆ ಒಂದು ಕಂತು ತಪ್ಪಿದ ದಿನ “ಎರಡು ತಿಂಗಳು ತಾಳಿ” ಎಂದು ಬೇಡಿಕೊಳ್ಳಲು ಹೋದವನ ಎದುರಿಗೆ, ವಸೂಲಿಗಷ್ಟೇ ನೇಮಕಗೊಂಡ, ತಾಳುವ ಅಧಿಕಾರವಿಲ್ಲದ ಗುಮಾಸ್ತನೊಬ್ಬ ಕುಳಿತಿದ್ದರೆ, ನಷ್ಟವೇನೆಂಬುದು ಆಗ ತಿಳಿಯುತ್ತದೆ.